ಬೇಸಗೆಯ ಸಂಗೀತ ಮತ್ತು ಮನೆಯ ಮಕ್ಕಳು

ಗುಬ್ಬಿಯಿಂದ ಓರ್ವ ಸಹೋದರಿ ನಮಗೊಂದು ಪತ್ರ ಬರೆದಿದ್ದಾರೆ. ಅವರ ಹೆಸರನ್ನು ಇಲ್ಲಿ ಪ್ರಕಟಿಸುವುದು ಉಚಿತವಲ್ಲ. ಮನೆಯಲ್ಲಿ ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ. ಏಪ್ರಿಲ್ ತಿಂಗಳಲ್ಲಿ ಶಾಲೆಗೆ ರಜೆ ಬಂದೊಡನೆ ಬೆಂಗಳೂರಿನ ರಾಮನವಮಿ ಸಂಗೀತೋತ್ಸವಕ್ಕೆ ಒಂದು ಸಂಜೆಯಾದರೂ ಮಕ್ಕಳೊಡನೆ ಹೋಗಿಬರಬೇಕೆಂಬುದು ಅವರ ಆಸೆ. ಮಾವನವರು ಒಪ್ಪುತ್ತಿಲ್ಲ. ಕಳೆದ ವರ್ಷ ಸಮೀಪದಲ್ಲಿಯೇ ನಡೆದ ಒಂದು ಕಚೇರಿಯಲ್ಲಿ ಚಿಕ್ಕವನು ಅತ್ತನಂತೆ. ಮುಂದಿನ ಸಾಲಿನವರೊಬ್ಬರು ತಿರುಗಿ, "ಇಂಥ ಕೂಸುಗಳನ್ನು ಮನೆಯಲ್ಲಿ ಬಿಟ್ಟು ಬರಬಾರದೇ?" ಎಂದರಂತೆ. ಹಿರಿಯರಿಗೆ ಅದು ಅಪಮಾನವೆನಿಸಿತು. ಅಂದಿನಿಂದ ಮನೆಯಲ್ಲಿ ಸಂಗೀತದ ಮಾತೆತ್ತಿದರೆ "ಮಕ್ಕಳು ದೊಡ್ಡವರಾಗಲಿ, ನೋಡೋಣ" ಎಂಬ ಉತ್ತರ. ಈ ರಜೆಯಲ್ಲಿ ಮಗಳನ್ನು ಗಣಿತದ ತರಗತಿಗೆ ಸೇರಿಸುವುದೆಂದೂ ನಿಶ್ಚಯವಾಗಿದೆಯಂತೆ.

ಆ ಹಿರಿಯರು ನಮ್ಮ ಪತ್ರಿಕೆಯ ಬಹುಕಾಲದ ಓದುಗರೆಂದು ಪತ್ರದಲ್ಲಿದೆ. ಆದುದರಿಂದ ಈ ತಿಂಗಳ ಬರಹವನ್ನು ಅವರನ್ನೇ ಉದ್ದೇಶಿಸಿ ಬರೆಯುತ್ತಿದ್ದೇವೆ.

ಹಿರಿಯರೇ, ತಾವು ಗುಬ್ಬಿಯವರು. ಈ ಮಾತು ಬೇರೆ ಯಾವ ಊರಿನಿಂದ ಬಂದಿದ್ದರೂ ನಮಗೆ ಇಷ್ಟು ಆಶ್ಚರ್ಯವಾಗುತ್ತಿರಲಿಲ್ಲ. 1884ರಲ್ಲಿ ತಮ್ಮ ಊರಿನ ಉತ್ಸಾಹಿಗಳು ಸೇರಿ ಗುಬ್ಬಿ ಶ್ರೀ ಚನ್ನಬಸವೇಶ್ವರ ಸ್ವಾಮಿಯ ಹೆಸರಿನಲ್ಲಿ ಕಟ್ಟಿದ ನಾಟಕ ಮಂಡಳಿಯು ಕನ್ನಡ ನಾಡಿನ ಸಂಗೀತಾಭಿರುಚಿಯನ್ನು ರೂಪಿಸಿದ್ದು ಹೇಗೆ? ವಿದ್ವಾಂಸರ ಸಭೆಗಳಿಂದಲ್ಲ, ಮನೆಮಂದಿಯೆಲ್ಲ ಚಾಪೆ, ಕಂಬಳಿ, ಬುತ್ತಿಯೊಡನೆ ಬಂದು ಕುಳಿತ ರಾತ್ರಿಗಳಿಂದ. ಆ ನಾಟಕಗಳಲ್ಲಿ ಮಾತಿಗೆ ಸರಿಸಮವಾಗಿ ಹಾಡು ಇರುತ್ತಿತ್ತು. ಕಾಲು ಹಾರ್ಮೋನಿಯಂ ನುಡಿಯುತ್ತಿದ್ದಂತೆಯೇ ಮಲಗಿದ್ದ ಹುಡುಗರು ಎದ್ದು ಕೂರುತ್ತಿದ್ದರು. ಗುಬ್ಬಿ ವೀರಣ್ಣನವರೇ (1891-1972) ಬಾಲಕರಾಗಿ ಆ ಮಂಡಳಿಗೆ ಸೇರಿ, ಮುಂದೆ ಅದರ ಒಡೆಯರಾದವರು. ರಂಗಭೂಮಿಯ ಸಂಗೀತಕ್ಕೆ ಹೊಸ ದಾರಿ ತೋರಿದ ಬಿ.ವಿ. ಕಾರಂತರು ದಕ್ಷಿಣ ಕನ್ನಡದ ಮಂಚಿಯಿಂದ ಹೊರಟುಬಂದು ಇದೇ ಕಂಪನಿಯ ಮಡಿಲಿಗೆ ಬಿದ್ದಾಗ ಇನ್ನೂ ಹುಡುಗ. ಮುಂದೆ ಅವರನ್ನು ಕಾಶಿಯಲ್ಲಿ ಓದಿಸಿದವರೂ ವೀರಣ್ಣನವರೇ. ಆ ರಾತ್ರಿಗಳಲ್ಲಿ ಎಷ್ಟು ಕೂಸುಗಳು ಅತ್ತಿರಬಹುದು! ತಾಯಿ ಎದ್ದು ಡೇರೆಯ ಹೊರಗೆ ಹೋಗಿ ಸಮಾಧಾನ ಮಾಡಿ ತಿರುಗಿ ಬರುತ್ತಿದ್ದಳು. ನಾಟಕ ನಡೆದೇ ಇರುತ್ತಿತ್ತು.

ನಾವು ಮಠದಲ್ಲಿ ಓದುತ್ತಿದ್ದ ಕಾಲದಲ್ಲಿ ಜಾತ್ರೆಯ ರಾತ್ರಿ ಭಜನೆ, ಕೀರ್ತನೆ, ನಾಟಕಗಳನ್ನು ಮರಳಿನ ಮೇಲೆ ಮಲಗಿಯೇ ಕೇಳಿದವರು. ಅರ್ಧ ಕೇಳಿದ್ದು, ಅರ್ಧ ನಿದ್ರೆ. ಆ ಅರ್ಧನಿದ್ರೆಯಲ್ಲಿ ಕಿವಿಗೆ ಬಿದ್ದ ನಿಜಗುಣ ಶಿವಯೋಗಿಗಳ ಪದಗಳ ಧಾಟಿ, ವ್ಯಾಕರಣ ಕಲಿಸಿದ ಗುರುಗಳ ಬೆತ್ತಕ್ಕಿಂತ ಹೆಚ್ಚು ಕಾಲ ನೆನಪಿನಲ್ಲಿ ಉಳಿದಿದೆ. ಅವರ 'ಕೈವಲ್ಯ ಪದ್ಧತಿ', ಸರ್ಪಭೂಷಣ ಶಿವಯೋಗಿಗಳ 'ಕೈವಲ್ಯ ಕಲ್ಪವಲ್ಲರಿ' ಇವೆಲ್ಲ ಹಾಡಲೆಂದೇ ಹುಟ್ಟಿದ ಕೃತಿಗಳು. ಇಂದು ಅವನ್ನು ಕಪಾಟಿನಲ್ಲಿಟ್ಟು ಪೂಜಿಸುವ ಮನೆಗಳುಂಟು. ಹಾಡುವ ಮನೆಗಳು ವಿರಳ.

ಮಗು ಸಂಗೀತ ಕೇಳುವ ರೀತಿ ನಮ್ಮದರಂತಲ್ಲ. ನಾವು ಕಾಲು ಮಡಚಿ, ತಾಳ ಹಾಕಿ, ರಾಗದ ಹೆಸರನ್ನು ಪಕ್ಕದವರಿಗೆ ಕೇಳಿಸುವಷ್ಟು ಮೆಲ್ಲಗೆ ಉಸುರಿ ಕೇಳುತ್ತೇವೆ. ಮಗು ಓಡಾಡುತ್ತ, ಎತ್ತಲೋ ನೋಡುತ್ತ ಕೇಳುತ್ತದೆ. ಗದುಗಿನಲ್ಲಿ 1922ರಲ್ಲಿ ಜನಿಸಿದ ಪಂಡಿತ ಭೀಮಸೇನ ಜೋಶಿಯವರ ಬಾಲ್ಯದ ಒಂದು ಸಂಗತಿಯನ್ನು ಆ ಕಡೆಯ ಜನ ಈಗಲೂ ಹೇಳುತ್ತಾರೆ. ಬೀದಿಯಲ್ಲಿ ಭಜನೆಯ ಮೇಳವೋ ವಾದ್ಯದ ಮೆರವಣಿಗೆಯೋ ಹೊರಟರೆ ಬಾಲಕ ಅದರ ಹಿಂದೆಯೇ ನಡೆದುಬಿಡುತ್ತಿದ್ದ, ದಣಿದಲ್ಲಿ ಮಲಗಿಬಿಡುತ್ತಿದ್ದ. ಹುಡುಕಿ ಹುಡುಕಿ ಸಾಕಾದ ತಂದೆ ಕೊನೆಗೆ ಅಂಗಿಯ ಮೇಲೆಯೇ 'ಜೋಶಿ ಮಾಸ್ತರರ ಮಗ' ಎಂದು ಬರೆಸಿದರಂತೆ. ಹನ್ನೊಂದನೆಯ ವಯಸ್ಸಿಗೆ, 1933ರಲ್ಲಿ, ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆಯ ಗುಂಗಿನಲ್ಲಿ ಆ ಬಾಲಕ ಗುರುವನ್ನರಸಿ ಮನೆಬಿಟ್ಟು ಹೊರಟದ್ದು ಎಲ್ಲರಿಗೂ ಗೊತ್ತಿರುವ ವಿಷಯ. (ಮನೆಬಿಟ್ಟು ಹೋಗುವುದನ್ನು ನಾವು ಇಲ್ಲಿ ಶಿಫಾರಸು ಮಾಡುತ್ತಿಲ್ಲ. ಅಂಗಿಯ ಮೇಲಿನ ಬರಹ ಮಾತ್ರ ಒಳ್ಳೆಯ ಉಪಾಯ. ಉತ್ಸವದ ಜಂಗುಳಿಗೆ ಹೋಗುವಾಗ ಮಗುವಿನ ಜೇಬಿನಲ್ಲಿ ತಂದೆಯ ಹೆಸರು, ದೂರವಾಣಿ ಸಂಖ್ಯೆಯ ಚೀಟಿ ಇರಲಿ.)

ಧಾರವಾಡದ ಸಮೀಪದ ಮನಸೂರಿನಲ್ಲಿ 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮನಸೂರರಿಗೂ ಮೊದಲ ಪಾಠಶಾಲೆ ಮನೆ ಮತ್ತು ನಾಟಕದ ಡೇರೆ. ತಾಯಿ ನೀಲಮ್ಮನವರು ಜಾನಪದ ಗೀತೆಗಳನ್ನು ಹಾಡುತ್ತಿದ್ದವರು. ಅಣ್ಣ ಬಸವರಾಜರು ನಾಟಕ ಮಂಡಳಿ ನಡೆಸುತ್ತಿದ್ದರು. ಅಲ್ಲಿ ಹಾಡುತ್ತಿದ್ದ ಬಾಲಕನ ಕಂಠ ಗುರುಗಳ ಕಿವಿಗೆ ಬಿತ್ತು. ಮುಂದೆ ಜಯಪುರ-ಅತ್ರೌಲಿ ಪರಂಪರೆಯ ಕಠಿಣವಾದ ರಾಗಗಳಲ್ಲಿ ಪ್ರಭುತ್ವ ಪಡೆದ ಅದೇ ಕಂಠ ಶರಣರ ವಚನಗಳನ್ನೂ ಹಾಡಿ ನಮಗೆ ಕೊಟ್ಟಿತು. ಇವರ ಮನೆಗಳಲ್ಲಿ ಯಾರೂ ಮಕ್ಕಳು ದೊಡ್ಡವರಾಗುವುದನ್ನು ಕಾಯಲಿಲ್ಲ.

ಎಲ್ಲ ಮಕ್ಕಳೂ ಗವಾಯಿಗಳಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಈಚೆಗೆ ಬೇಸಗೆ ಶಿಬಿರಗಳಲ್ಲಿ ಹತ್ತು ದಿನಕ್ಕೆ ಹತ್ತು ವಚನ ಕಂಠಪಾಠ ಮಾಡಿಸಿ, ಹನ್ನೊಂದನೆಯ ದಿನ ವೇದಿಕೆ ಹತ್ತಿಸಿ, ಪ್ರಶಸ್ತಿಪತ್ರ ಹಂಚುವ ರೂಢಿ ಬೆಳೆದಿದೆ. ಹಾಡುವ ಮಗುವಿನ ಮುಖದಲ್ಲಿ ಹಾಡಿಗಿಂತ ಹೆಚ್ಚಾಗಿ ಬಹುಮಾನದ ಚಿಂತೆ ಕಾಣುತ್ತದೆ. ಕೇಳಲು ಕಲಿಯುವ ಮೊದಲೇ ಹಾಡಲು ನಿಲ್ಲಿಸುವುದು ನಮಗೆ ಸರಿಯೆನಿಸುವುದಿಲ್ಲ.

ಇನ್ನು ರಾಮನವಮಿ ಉತ್ಸವದ ವಿಚಾರ. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾಯರು ಚಾಮರಾಜಪೇಟೆಯಲ್ಲಿ ಆರಂಭಿಸಿದ ಶ್ರೀ ರಾಮಸೇವಾ ಮಂಡಳಿಯ ಈ ಉತ್ಸವ ಕೋಟೆ ಪ್ರೌಢಶಾಲೆಯ ಆವರಣದ ಚಪ್ಪರದಲ್ಲಿ ವಾರಗಟ್ಟಲೆ ನಡೆಯುತ್ತ ಬಂದಿದೆ. ಕರ್ನಾಟಕ ಸಂಗೀತದ ಹಿರಿಯರಲ್ಲಿ ಅಲ್ಲಿ ಹಾಡದವರು ಕಡಿಮೆ. ಶಿವಭಕ್ತರಿಗೆ ರಾಮೋತ್ಸವವೇ ಎಂದು ಹುಬ್ಬೇರಿಸುವವರಿದ್ದರೆ, ಗದುಗಿನ ವೀರೇಶ್ವರ ಪುಣ್ಯಾಶ್ರಮದ ಕಡೆ ನೋಡಲಿ. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಹಿಂದೂಸ್ತಾನಿ, ಕರ್ನಾಟಕ ಎರಡರಲ್ಲೂ ಪರಿಣತರು. ತಾವು ಅಂಧರಾಗಿದ್ದು, ಅಂಧ ಬಾಲಕರಿಗೆ ಜಾತಿ ಕೇಳದೆ ಸ್ವರ ಕಲಿಸಿದವರು.

ಗುಬ್ಬಿಯಿಂದ ತುಮಕೂರಿನ ಮೂಲಕ ಬೆಂಗಳೂರಿಗೆ ರೈಲುಂಟು. 2017ರಿಂದ ಕುಣಿಗಲ್ಲಿನವರಿಗೂ ಹಾಸನ ಮಾರ್ಗದ ರೈಲು ಒದಗಿದೆ. ಆದರೆ ರಾತ್ರಿ ಕಚೇರಿ ಮುಗಿಸಿ ಅಂದೇ ಮರಳುವ ಸಾಹಸ ಮಕ್ಕಳೊಡನೆ ಬೇಡ. ತುಮಕೂರು ಸೀಮೆಯ ಯಾವ ಮನೆಗೆ ಬೆಂಗಳೂರಿನಲ್ಲಿ ಒಂದು ನೆಂಟರ ಮನೆಯಿಲ್ಲ? ಅವರು ನಮ್ಮ ಜಾತ್ರೆಗಳಿಗೆ ಬಂದು ನಮ್ಮಲ್ಲಿ ಉಳಿಯುವುದಿಲ್ಲವೇ? ಶನಿವಾರ ಹೋಗಿ ಭಾನುವಾರ ಮರಳಬಹುದು. ಮಧ್ಯಾಹ್ನ ಮಕ್ಕಳನ್ನು ತಪ್ಪದೆ ಮಲಗಿಸಬೇಕು. ಸಂಜೆ ಊಟವಲ್ಲದಿದ್ದರೂ ಅವಲಕ್ಕಿಯೋ ಮೊಸರನ್ನವೋ ತಿನ್ನಿಸಿ ಕರೆದೊಯ್ಯಬೇಕು. ಕಚೇರಿಗಳಲ್ಲಿ ಅಳುವ ಮಕ್ಕಳಲ್ಲಿ ಬಹುಪಾಲು ಹಸಿದವು ಇಲ್ಲವೇ ನಿದ್ರೆಗೆಟ್ಟವು. ಅದು ಸಂಗೀತದ ದೋಷವೂ ಅಲ್ಲ, ಮಗುವಿನದೂ ಅಲ್ಲ.

ಕೂರುವ ಸ್ಥಳ ಅಂಚಿನಲ್ಲಿ, ದಾರಿಯ ಪಕ್ಕದಲ್ಲಿ ಇರಲಿ. ಪೂರ್ಣ ಕಚೇರಿ ಮಕ್ಕಳಿಗೆ ಬೇಡ. ಆರಂಭದ ವರ್ಣ, ಒಂದೆರಡು ಚುರುಕಾದ ಕೃತಿ, ಅಷ್ಟು ಸಾಕು. ಎದ್ದು ಹೊರಡುವುದಾದರೆ ಒಂದು ಕೃತಿ ಮುಗಿದು ಮತ್ತೊಂದು ಆರಂಭವಾಗುವ ನಡುವೆ ಹೊರಡಬೇಕು. ಆಮೇಲೆ ಹೊರಗೆ ಸ್ವಲ್ಪ ಆಡಿಸಿ ತನಿ ಆವರ್ತನದ ಹೊತ್ತಿಗೆ ಮತ್ತೆ ಕರೆತಂದರೆ ಉತ್ತಮ. ಮೃದಂಗ ಘಟಗಳ ಸವಾಲು-ಜವಾಬಿನಷ್ಟು ಮಕ್ಕಳನ್ನು ಹಿಡಿದು ಕೂರಿಸುವುದು ಬೇರೊಂದಿಲ್ಲ. ವಿಚಿತ್ರವೆಂದರೆ ಅದೇ ಹೊತ್ತಿಗೆ ದೊಡ್ಡವರು ಗುಂಪುಗುಂಪಾಗಿ ಕಾಫಿಗೆ ಏಳುತ್ತಾರೆ. ಐದು ವರ್ಷದ ಮಗುವಿನ ಅಳುವನ್ನು ಸಹಿಸದವರು ಐವತ್ತು ವರ್ಷದವರ ಈ ಗದ್ದಲವನ್ನು ಸಹಿಸಿಕೊಳ್ಳುತ್ತಾರೆ!

ಹಿರಿಯರೇ, ಪತ್ರದ ಕೊನೆಯಲ್ಲಿ ತಮ್ಮ ಸೊಸೆ ಒಂದು ಸಾಲು ಬರೆದಿದ್ದಾರೆ. ಮದುವೆಗೆ ಮುನ್ನ ಅವರು ಸಂಗೀತದಲ್ಲಿ ಸೀನಿಯರ್ ಪರೀಕ್ಷೆ ಮುಗಿಸಿದ್ದರಂತೆ. ತವರಿನಿಂದ ತಂದ ಶ್ರುತಿಪೆಟ್ಟಿಗೆ ಅಟ್ಟದ ಮೇಲಿದೆಯಂತೆ. ದೂರೆಂದು ಬರೆದದ್ದಲ್ಲ, ಹೀಗೆ ಬಂದ ಮಾತು. ನಮಗೆ ಪತ್ರದ ಉಳಿದೆಲ್ಲ ಸಾಲುಗಳಿಗಿಂತ ಇದೇ ಹೆಚ್ಚು ಕಾಡಿತು. ನಮ್ಮ ಸಮಾಜದ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಸಂಗೀತ ಕಲಿಸುತ್ತೇವೆ. ಹೆಣ್ಣು ನೋಡಲು ಬಂದವರೆದುರು ಒಂದು ವಚನ ಹಾಡಿಸುತ್ತೇವೆ. ಅವರು ಮೆಚ್ಚಿ ತಲೆದೂಗುತ್ತಾರೆ. ಆಮೇಲೆ ಆ ಹಾಡು ಎಲ್ಲಿಗೆ ಹೋಗುತ್ತದೆಂದು ತವರಿನವರೂ ಕೇಳುವುದಿಲ್ಲ, ಅತ್ತೆಯ ಮನೆಯವರೂ ಕೇಳುವುದಿಲ್ಲ. ಮಕ್ಕಳ ನೆಪದಲ್ಲಿ ಅವರು ಕೇಳುತ್ತಿರುವುದು ತಮಗಾಗಿಯೂ ಹೌದೆಂದು ನಾವು ತಿಳಿಯುತ್ತೇವೆ. ನಮ್ಮ ತಿಳಿವಳಿಕೆ ತಪ್ಪಾಗಿದ್ದರೂ ನಷ್ಟವಿಲ್ಲ. ತಾವು ಸ್ವತಃ ಜೊತೆಗೆ ಹೋಗಿರಿ. ಕೂಸು ಅತ್ತರೆ ಎತ್ತಿಕೊಂಡು ಹೊರಗೆ ಹೋಗುವ ಕೆಲಸ ಅಜ್ಜನದೂ ತಂದೆಯದೂ ಆಗಲಿ. ಆ ಒಂದು ಸಂಜೆ ತಾಯಿ ಕುಳಿತ ಸ್ಥಳದಿಂದ ಏಳದಿರಲಿ. ಗಣಿತದ ತರಗತಿ ಸೋಮವಾರವೂ ಇರುತ್ತದೆ.

ಬೆಂಗಳೂರಿಗೆ ಹೋಗಲಾಗದವರಿಗೆ ಸಮೀಪದಲ್ಲಿಯೂ ಅವಕಾಶಗಳುಂಟು. ತುಮಕೂರಿನಲ್ಲಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವಿದೆ. ಚೈತ್ರದಲ್ಲಿ ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ, 701 ವಚನಗಳ ಕರ್ತೃ ತೋಂಟದ ಸಿದ್ಧಲಿಂಗ ಯತಿಗಳ ಸನ್ನಿಧಿಯಲ್ಲಿ, ರಥೋತ್ಸವ ನಡೆಯುತ್ತದೆ. ಕುಣಿಗಲ್ಲಿಗೆ ಹೋದಾಗ ಕೆರೆಯ ಏರಿಯ ಮೇಲೆ ಮಕ್ಕಳನ್ನು ನಿಲ್ಲಿಸಿ, ನಾಡೆಲ್ಲ ಹಾಡುವ ಆ ಜಾನಪದ ಗೀತೆಯಲ್ಲಿ ಬರುವುದು ಇದೇ ಕೆರೆ ಎಂದು ತೋರಿಸಿದರೆ ಅದೂ ಒಂದು ಸಂಗೀತಪಾಠ. ಶಾಲೆ ನಡೆಯುವ ದಿನಗಳಲ್ಲಿ ಶ್ರೀ ಸಿದ್ಧಗಂಗಾ ಮಠದ ಸಂಜೆಯ ಪ್ರಾರ್ಥನೆಗೆ ಒಮ್ಮೆ ಕರೆದೊಯ್ಯಿರಿ. ಸಾವಿರಾರು ಬಾಲಕರು ಬಯಲಿನಲ್ಲಿ ಕುಳಿತು ಒಟ್ಟಿಗೆ ಹಾಡುವುದನ್ನು ಕೇಳಲು ಟಿಕೆಟ್ಟೂ ಬೇಡ, ಪಾಂಡಿತ್ಯವೂ ಬೇಡ.

ಎಚ್ಚರಿಕೆ ಬೇಕಾದುದು ಧ್ವನಿವರ್ಧಕಗಳ ವಿಷಯದಲ್ಲಿ. ಈಚಿನ ಉತ್ಸವಗಳಲ್ಲಿ ಆಳೆತ್ತರದ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ, ಅವುಗಳ ಮುಂದೆಯೇ ಮಕ್ಕಳಿಗೆ ಜಮಖಾನ ಹಾಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಮಕ್ಕಳ ಕಿವಿಗೆ ವಾರದಲ್ಲಿ 75 ಡೆಸಿಬಲ್ ಶಬ್ದ 40 ಗಂಟೆಗಳವರೆಗೆ ಸಲ್ಲುತ್ತದೆ. ಶಬ್ದ 3 ಡೆಸಿಬಲ್ ಏರಿದಂತೆಲ್ಲ ಆ ಅವಧಿ ಅರ್ಧವಾಗುತ್ತದೆ. 90 ಡೆಸಿಬಲ್ ಎಂದರೆ ಇಡೀ ವಾರಕ್ಕೆ ಸುಮಾರು ಒಂದೂಕಾಲು ಗಂಟೆ; 99 ಆದರೆ ಹತ್ತು ನಿಮಿಷವೂ ಇಲ್ಲ. ಹೀಗೆ ಹಾಳಾದ ಒಳಗಿವಿಯ ಸೂಕ್ಷ್ಮ ಜೀವಕೋಶಗಳು ಮತ್ತೆ ಹುಟ್ಟುವುದಿಲ್ಲ. ಅಳೆಯಲು ಯಂತ್ರ ಬೇಕಿಲ್ಲ: ಕೈಯಳತೆಯ ದೂರದಲ್ಲಿರುವವರೊಡನೆ ಕೂಗಿ ಮಾತನಾಡಬೇಕಾಗಿ ಬಂದರೆ ಅಲ್ಲಿಂದ ಹಿಂದಕ್ಕೆ ಸರಿಯಬೇಕು. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಶಬ್ದ ಸುಮಾರು 6 ಡೆಸಿಬಲ್ ಇಳಿಯುತ್ತದೆ. ನಮ್ಮ ಜಾತ್ರಾ ಸಮಿತಿಗಳವರಿಗೂ ಒಂದು ಮಾತು. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಸಲ್ಲದು. ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಉತ್ಸವಗಳಿಗೆ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಬಹುದು. ಅಧ್ಯಕ್ಷರ, ದಾನಿಗಳ, ಗಣ್ಯರ ಭಾಷಣಗಳನ್ನು ಮೊಟಕುಗೊಳಿಸಿದರೆ ಸಂಗೀತವನ್ನು ಏಳಕ್ಕೇ ಆರಂಭಿಸಿ ಮಕ್ಕಳು ಎಚ್ಚರವಿರುವಾಗಲೇ ಮುಗಿಸಬಹುದು.

ಬಸವ ಜಯಂತಿ ಅಕ್ಷಯ ತದಿಗೆಯಂದು, ರಜೆಯ ನಡುವೆಯೇ ಬರುತ್ತದೆ. ಮೆರವಣಿಗೆಯಲ್ಲಿ ನಂದಿಧ್ವಜ, ವೀರಗಾಸೆ, ಕರಡಿವಾದ್ಯಗಳು ಹತ್ತಿರವಾದಾಗ ಚಿಕ್ಕವರನ್ನು ಹೆಗಲ ಮೇಲೇರಿಸಿಕೊಂಡು ಹತ್ತು ಹೆಜ್ಜೆ ದೂರ, ನೆರಳಿರುವ ಕಡೆ ನಿಲ್ಲಿರಿ. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಿರಿ.