ಅಂಗಮಾರಿಯ ವಂಶವನ್ನು ಅರಿಯುವುದೇಕೆ?

ಹುದಿಕೇರಿಯಂತಹ ಮಳೆನಾಡಿನಲ್ಲಿ ಟೊಮೇಟೊ ಗಿಡ ಕಪ್ಪಿಟ್ಟು ಬಾಡಿದೊಡನೆ ಕೇಳಿಬರುವ ಪ್ರಶ್ನೆ ಒಂದೇ: “ಇದಕ್ಕೆ ಯಾವ ಔಷಧ?” ಪ್ರಶ್ನೆ ಸಹಜವಾದುದೇ. ಆದರೆ ಅದಕ್ಕೂ ಮೊದಲು ಕೇಳಬೇಕಾದುದು, ಬಂದಿರುವ ರೋಗಾಣು ಯಾವ ವಂಶದ್ದು ಎಂಬುದನ್ನು. ಇದು ಪಂಡಿತರ ಕುತೂಹಲ ಮಾತ್ರವಲ್ಲ, ರೈತನ ಹಣದ ಪ್ರಶ್ನೆ ಎಂಬುದೇ ನಮ್ಮ ವಾದ.

ಅಂಗಮಾರಿ ರೋಗವನ್ನು ತರುವ ಜೀವಿಯ ಹೆಸರು ಫೈಟಾಫ್ತೊರ ಇನ್‌ಫೆಸ್ಟಾನ್ಸ್. ರೂಢಿಯಲ್ಲಿ ಇದನ್ನು ಶಿಲೀಂಧ್ರವೆಂದರೂ ವಂಶದಲ್ಲಿ ಇದು ಕಂದು ಪಾಚಿಗಳಿಗೆ ಹತ್ತಿರದ ನಂಟ. ೧೮೪೫ರಿಂದ ಐರ್ಲೆಂಡಿನ ಆಲೂಗೆಡ್ಡೆಯನ್ನು ಕೊಳೆಯಿಸಿ, ಸುಮಾರು ಹತ್ತು ಲಕ್ಷ ಜನರನ್ನು ಬಲಿಗೊಂಡ ಕ್ಷಾಮಕ್ಕೆ ಕಾರಣವಾದುದು ಇದೇ. ತಂಪು ಹವೆ, ಎಲೆಯ ಮೇಲೆ ಆರದೆ ನಿಂತ ನೀರಿನ ತೆಳು ಪದರ, ಇವೆರಡೇ ಇದರ ಬೆಳವಣಿಗೆಗೆ ಸಾಕು.

೨೦೦೯-೧೦ರಲ್ಲಿ ಕರ್ನಾಟಕದ ಟೊಮೇಟೊ ತೋಟಗಳಲ್ಲಿ ಈ ರೋಗ ಉಗ್ರವಾಗಿ ಹಬ್ಬಿತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪಿ. ಚೌಡಪ್ಪನವರೂ ಅವರ ಸಂಗಡಿಗರೂ ರೋಗಾಣುವಿನ ಡಿ.ಎನ್.ಎ.ಯನ್ನು ಪರೀಕ್ಷಿಸಿದರು. ಡಿ.ಎನ್.ಎ.ಯಲ್ಲಿ ಒಂದೇ ಕಿರುತುಣುಕು ಸಾಲಾಗಿ ಮರುಕಳಿಸುವ ಎಡೆಗಳುಂಟು. ಅದು ಎಷ್ಟು ಸಲ ಮರುಕಳಿಸುವುದೆಂಬುದು ವಂಶದಿಂದ ವಂಶಕ್ಕೆ ಬೇರೆ. ಆ ಎಣಿಕೆಯೇ ವಂಶದ ಗುರುತು. ೨೦೧೩ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹಾವಳಿಯೆಬ್ಬಿಸಿದುದು ಯುರೋಪಿನಲ್ಲಿ ಮೊದಲೇ ಹರಡಿದ್ದ ‘೧೩-ಎ೨’ ಎಂಬ ವಂಶ. ಮೆಟಲಾಕ್ಸಿಲ್ ಎಂಬ ಪ್ರಸಿದ್ಧ ಔಷಧಕ್ಕೆ ಅದು ಬಗ್ಗುವುದಿಲ್ಲ. ಅಂತಹ ವಂಶದ ಮೇಲೆ ಅದನ್ನೇ ನೆಚ್ಚಿ ಸಿಂಪಡಿಸಿದರೆ ಹಣವೂ ಹೋಯಿತು, ಬೆಳೆಯೂ ಹೋಯಿತು.

ರೋಗ ಕೆಲವೇ ದಿನಗಳಲ್ಲಿ ಹೊಲವನ್ನು ನುಂಗುವಾಗ ವಂಶಪರೀಕ್ಷೆಗೆ ಕಾಲವೆಲ್ಲಿ ಎಂದು ಕೆಲವರು ಆಕ್ಷೇಪಿಸಬಹುದು. ಮಾತು ನಿಜ. ಆದುದರಿಂದಲೇ ಪರೀಕ್ಷೆಯು ಹಾವಳಿಯ ಮರುದಿನ ಆರಂಭವಾಗುವ ಕೆಲಸವಾಗಬಾರದು. ಪ್ರತಿವರ್ಷವೂ ನಡೆಯುವ ಜನಗಣತಿಯಂತಾಗಬೇಕು. ಈ ರೋಗಾಣುವಿನಲ್ಲಿ ಎ೧, ಎ೨ ಎಂಬ ಎರಡು ಬಗೆಗಳಿವೆ. ಇವೆರಡೂ ಕೂಡಿದರೆ ಹೊಸ ಗುಣಗಳ ಸಂತತಿ ಹುಟ್ಟಬಲ್ಲದು. ಹಿಂದಿನ ಗಣತಿಯನ್ನೇ ಸದಾ ನೆಚ್ಚಿ ಕುಳಿತಿರಲಾಗದು.

ಕೊಡಗಿನಲ್ಲಿ ಹೆಸರಘಟ್ಟದ ಸಂಸ್ಥೆಗೇ ಸೇರಿದ ಕೇಂದ್ರಗಳು ಚೆಟ್ಟಳ್ಳಿಯಲ್ಲಿಯೂ ಗೋಣಿಕೊಪ್ಪದಲ್ಲಿಯೂ ಇವೆ. ಇವುಗಳ ಮಾರ್ಗದರ್ಶನದಲ್ಲಿ ನಮ್ಮ ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ರೋಗ ಕಂಡ ದಿನ, ಅಂದಿನ ಮಳೆ, ಉಷ್ಣತೆ, ಗಾಳಿಯ ತೇವ ಇವುಗಳನ್ನು ಏಕೆ ದಾಖಲಿಸಬಾರದು? ಮಳೆಮಾಪಕವೂ ಉಷ್ಣತಾಮಾಪಕವೂ ಭೌತಶಾಸ್ತ್ರದ ಉಪಕರಣಗಳು. ನಾವು ಅಧ್ಯಾಪಕರು ಅವುಗಳನ್ನು ಬೀರುವಿನಿಂದ ಹೊರತೆಗೆದರಾಯಿತು. ರೋಗಾಣುವಿನ ವಂಶವನ್ನು ಪ್ರಯೋಗಾಲಯ ಹೇಳಲಿ. ಅದು ಎಂದು, ಎಂತಹ ಹವೆಯಲ್ಲಿ ಬಂದಿತೆಂಬುದನ್ನು ಊರೇ ಹೇಳಬೇಕು. ಎರಡೂ ಸೇರಿದಾಗ ರೈತನ ಪ್ರಶ್ನೆಗೆ ನಂಬತಕ್ಕ ಉತ್ತರ ದೊರೆಯುವುದು.