ಹಾಡಿಗೆ ರಟ್ಟಿನ ಹೊದಿಕೆ ಸಾಕು: ಕೇಳುಗರ ಹಕ್ಕೊತ್ತಾಯ ಪತ್ರ

ಕನ್ನಡದ ಧ್ವನಿಮುದ್ರಿಕೆ ಸಂಸ್ಥೆಗಳಿಗೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ



ನಾವು ಇವತ್ತಿಗೂ ದುಡ್ಡು ಕೊಟ್ಟು ಸಿಡಿ, ಡಿವಿಡಿ, ಎಲ್‌ಪಿ ಕೊಳ್ಳುವವರು. ಹೋದ ದೀಪಾವಳಿಗೆ ಮನೆ ಚೊಕ್ಕಟ ಮಾಡುವಾಗ ನಮ್ಮಲ್ಲೊಬ್ಬರು ಒಡೆದ ಸಿಡಿ ಪೆಟ್ಟಿಗೆಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಗುಜರಿ ಅಂಗಡಿಗೆ ಒಯ್ದರು. ಅಂಗಡಿಯವರು ಒಂದನ್ನು ಎತ್ತಿಕೊಂಡು ಬಗ್ಗಿಸಿದರು. ಟಪ್ಪನೆ ಮುರಿಯಿತು. “ಇದು ಬ್ಯಾಡ ಸ್ವಾಮಿ, ಯಾರೂ ತಗೊಳಲ್ಲ. ಕರಿ ಡಿವಿಡಿ ಡಬ್ಬಿ ಇದ್ರೆ ಕೊಡಿ, ರಟ್ಟಿದ್ರೂ ಕೊಡಿ” ಎಂದರು. ಚೀಲ ಹೋದ ಹಾಗೇ ಮನೆಗೆ ಬಂತು. ಕೆಟ್ಟ ಸಿಡಿಯನ್ನಾದರೂ ಹೊಲದಲ್ಲಿ ದಾರ ಕಟ್ಟಿ ತೂಗುಬಿಟ್ಟರೆ ಹಕ್ಕಿ ಹೆದರುತ್ತವೆ. ಆ ಪೆಟ್ಟಿಗೆ ಯಾತಕ್ಕೂ ಬಾರದು.

ಡಿವಿಡಿ ಡಬ್ಬಿಯ ಅಳತೆ ಹುಟ್ಟಿದ್ದು ಅಂಗಡಿಯ ಕಪಾಟಿಗಾಗಿ. ಡಿವಿಡಿಯೂ ಸಿಡಿಯಷ್ಟೇ ಅಗಲ, 12 ಸೆಂಟಿಮೀಟರ್. ಡಬ್ಬಿ ಮಾತ್ರ 19 ಸೆಂಟಿಮೀಟರ್ ಎತ್ತರ, ಏಕೆಂದರೆ ವಿಡಿಯೊ ಕ್ಯಾಸೆಟ್ ನಿಲ್ಲಿಸುತ್ತಿದ್ದ ಹಲಗೆಯ ಮೇಲೆ ಅದೂ ಎದ್ದುಕಾಣಬೇಕಿತ್ತು. ಅಮೆರಿಕದಲ್ಲಂತೂ ಎಲ್‌ಪಿ ಖಾನೆಗೆ ಹೊಂದಲೆಂದು ಪುಟ್ಟ ಸಿಡಿಯನ್ನು ಅಡಿಯುದ್ದದ ರಟ್ಟಿನ ಪೆಟ್ಟಿಗೆಯಲ್ಲಿ ಮಾರುತ್ತಿದ್ದರು. ಬಿಚ್ಚಿದ ಕೂಡಲೇ ಅದು ಕಸ. ಕೇಳುಗರೂ ಕಲಾವಿದರೂ ಪಟ್ಟು ಹಿಡಿದ ಮೇಲೆ 1993ರಲ್ಲಿ ನಿಂತಿತು. ನಮ್ಮ ಊರುಗಳ ಕ್ಯಾಸೆಟ್ ಅಂಗಡಿಗಳು ಮೊಬೈಲ್ ಅಂಗಡಿಗಳಾಗಿ ವರ್ಷಗಳಾದವು. ಈಗ ಡಿಸ್ಕ್ ಬರುವುದು ಕೊರಿಯರಿನಲ್ಲಿ, ಇಲ್ಲವೇ ಕಾರ್ಯಕ್ರಮ ಮುಗಿದ ಮೇಲೆ ಸಭಾಂಗಣದ ಬಾಗಿಲ ಬಳಿಯ ಮೇಜಿನಿಂದ. ಕಪಾಟೇ ಹೋದ ಮೇಲೆ ಅದಕ್ಕೆಂದು ಮಾಡಿದ ಪ್ಲಾಸ್ಟಿಕ್ ಏಕೆ ಉಳಿಯಬೇಕು? ನಮ್ಮ ಒತ್ತಾಯಗಳು ಇವು:

1. ಹೊಸ ಸಿಡಿ, ಡಿವಿಡಿಗಳೆಲ್ಲ ರಟ್ಟಿನ ಹೊದಿಕೆಯಲ್ಲೇ ಬರಲಿ. ಡಿಸ್ಕಿನ ತೂಕ ಸುಮಾರು 15 ಗ್ರಾಂ. ಪಾಲಿಸ್ಟೈರೀನ್ ಪೆಟ್ಟಿಗೆ ಅದರ ಹಲವು ಪಟ್ಟು ತೂಗುತ್ತದೆ. ಅಷ್ಟಾಗಿಯೂ ಅದು ಡಿಸ್ಕನ್ನು ಕಾಯುವುದಿಲ್ಲ. ಒಮ್ಮೆ ಕೈಜಾರಿ ಬಿದ್ದರೆ ನಡುವಿನ ಪುಟ್ಟ ಹಲ್ಲುಗಳು ಮುರಿದು ಒಳಗೇ ಗಲಗಲ ಉರುಳುತ್ತವೆ, ಡಿಸ್ಕಿಗೆ ಗೀರು ಹಾಕುತ್ತವೆ. ಹಿರಿಯರು ಕೊಂಡ ಎಲ್‌ಪಿಗಳು ರಟ್ಟಿನ ಹೊದಿಕೆಯಲ್ಲೇ ಅರ್ಧ ಶತಮಾನ ಬಾಳಿವೆ. ಹಳೇ ಕಾಗದದಿಂದ ಮಾಡುವ, ಹಿಂಬದಿ ಬೂದುಬಣ್ಣದ ಡ್ಯುಪ್ಲೆಕ್ಸ್ ಬೋರ್ಡ್ ಯಾವ ಪ್ರೆಸ್ಸಿನಲ್ಲೂ ಸಿಗುತ್ತದೆ. ಆದರೆ ರಟ್ಟಿನ ಮಡಿಕೆಯೊಳಗೆ ಪ್ಲಾಸ್ಟಿಕ್ ತಟ್ಟೆ ಅಂಟಿಸಿ ‘ಪರಿಸರಸ್ನೇಹಿ’ ಎಂದು ಅಚ್ಚು ಹಾಕಬೇಡಿ. ಅದನ್ನು ರದ್ದಿಯವರೂ ಒಯ್ಯುವುದಿಲ್ಲ.

2. ಹೊಳಪಿಗಾಗಿ ಲ್ಯಾಮಿನೇಷನ್ ಬೇಡ, ನೀರಿನಲ್ಲಿ ಕಲಸಿದ ವಾರ್ನಿಷ್ ಸಾಕು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ರಟ್ಟಿಗೆ ಬೂಸಲು ಹಿಡಿಯುತ್ತದೆ ಎನ್ನುತ್ತೀರಿ, ನಿಜ. ಅದಕ್ಕೆ ಬಿಡಿ ಹೊದಿಕೆಗಳನ್ನು ಅಚ್ಚಿನ ಖರ್ಚಿಗೇ ಮಾರಿ. ಹಾಳಾದಾಗ ನಾವೇ ಬದಲಿಸಿಕೊಳ್ಳುತ್ತೇವೆ.

3. ಪಿವಿಸಿ ಚೀಲ ಪೂರ್ತಿ ನಿಲ್ಲಲಿ. ಅದು ಎಲ್‌ಪಿಯ ಮೈಮೇಲೆ ಮಂಜು ಕವಿದಂಥ ಕಲೆ ಬಿಡುತ್ತದೆ. ಸುಟ್ಟರೆ ಹೊಗೆ ವಿಷ.

4. ಸಿಹಿತಿಂಡಿ ಡಬ್ಬಿ, ಆಮಂತ್ರಣ ಪತ್ರಿಕೆ, ಸಿಗರೇಟು ಪ್ಯಾಕುಗಳಿಗೆ ಪ್ಲಾಸ್ಟಿಕ್ ಫಿಲ್ಮ್ ಸುತ್ತುವುದು 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ಮದುವೆಯ ಕರೆಯೋಲೆಗೆ ಬೇಡವಾದದ್ದು ಭಾವಗೀತೆಯ ಸಿಡಿಗೂ ಬೇಡ. ಆ ಪಟ್ಟಿಗೆ ಡಿಸ್ಕುಗಳನ್ನೂ ಸೇರಿಸುವಂತೆ ರಾಜ್ಯವು ಕೇಂದ್ರಕ್ಕೆ ಬರೆಯಲಿ. ಸಂಸ್ಥೆಗಳು ಅಲ್ಲಿಯವರೆಗೆ ಕಾಯದೆ, ಅಂಚಿಗೊಂದು ಕಾಗದದ ಮುದ್ರೆ ಅಂಟಿಸಲಿ.

5. ಪ್ಲಾಸ್ಟಿಕ್ ಕಡಿಮೆ ಮಾಡುವ ನೆಪದಲ್ಲಿ ಸಾಹಿತ್ಯದ ಪುಸ್ತಿಕೆಗೆ ಕತ್ತರಿ ಹಾಕಕೂಡದು. ಇದು ನಮಗೆ ಎಲ್ಲಕ್ಕಿಂತ ಮುಖ್ಯ. ಹಾಡು ಮೊಬೈಲಿನಲ್ಲೂ ಸಿಗುತ್ತದೆ, ಆದರೆ ತಬಲಾ ಯಾರದು, ಕೊಳಲು ಯಾರದು, ರಾಗ ಸಂಯೋಜನೆ ಯಾರದು ಎಂಬುದು ಅಲ್ಲಿ ಬಹಳ ಸಲ ಕಾಣುವುದಿಲ್ಲ. ಯಕ್ಷಗಾನದ ಸೆಟ್ಟಿನಲ್ಲಿ ಭಾಗವತರು, ಮದ್ದಳೆ, ಚೆಂಡೆ, ಅರ್ಥಧಾರಿಗಳು, ಪ್ರಸಂಗಕರ್ತರು ಎಲ್ಲರ ಹೆಸರೂ ಇರಬೇಕು. ನಾವು ಡಿಸ್ಕ್ ಕೊಳ್ಳುವುದೇ ಅರ್ಧ ಆ ಹಾಳೆಗಾಗಿ. ಉಳಿಸಿದ ಪ್ಲಾಸ್ಟಿಕ್ಕಿನ ದುಡ್ಡನ್ನು ಆ ಹಾಳೆಗೇ ಹಾಕಿ.

6. ಹಾಡು ತುಂಬಿದ ಪೆನ್‌ಡ್ರೈವ್ ಹೆಬ್ಬೆರಳಷ್ಟಿದ್ದರೆ ಅದರ ಬ್ಲಿಸ್ಟರ್ ಪ್ಯಾಕ್ ಅಂಗೈಯಗಲ. ಪುಟ್ಟ ರಟ್ಟಿನ ಡಬ್ಬಿ ಸಾಕು. ಕೊರಿಯರಿಗೂ ಬಬಲ್ ಶೀಟ್ ಬದಲು ಸುಕ್ಕುರಟ್ಟು ಬಳಸಿ.

7. ಈಗಾಗಲೇ ಮಾರಿದ ಪೆಟ್ಟಿಗೆಗಳನ್ನು ವಾಪಸು ಪಡೆಯಿರಿ. ಪ್ಲಾಸ್ಟಿಕ್ ಪ್ಯಾಕಿಂಗಿನ ಹೊಣೆಯನ್ನು 2022ರ ಫೆಬ್ರುವರಿಯ ನಿಯಮಗಳು ಉತ್ಪಾದಕರ ಮೇಲೂ ಬ್ರ್ಯಾಂಡ್ ಒಡೆಯರ ಮೇಲೂ ಹೊರಿಸಿವೆ. ಗಟ್ಟಿಮುಟ್ಟಾದವನ್ನು ತೊಳೆದು ಮತ್ತೆ ಬಳಸಬಹುದು.

8. ಸ್ವಂತ ಖರ್ಚಿನಲ್ಲಿ ಐನೂರು ಪ್ರತಿ ತರುವ ಗಾಯಕರಿಗೆ ರಟ್ಟು ಕತ್ತರಿಸುವ ಡೈಯೇ ಭಾರ. ಎಲ್ಲರೂ ಬಳಸಬಹುದಾದ ಒಂದೇ ಅಳತೆಯ ಡೈಯನ್ನು ಇಲಾಖೆ ಮಾಡಿಸಿ ಜಿಲ್ಲೆಗೊಂದು ಪ್ರೆಸ್ಸಿನಲ್ಲಿ ಇಡಿಸಲಿ. ಮುಂದಿನ ರಾಜ್ಯೋತ್ಸವಕ್ಕೆ ಇಲಾಖೆ ತರುವ ಧ್ವನಿಮುದ್ರಿಕೆ ಆ ಡೈಯಿಂದಲೇ ಹೊರಬರಲಿ. ಒಪ್ಪಿಗೆಯೋ ಅಲ್ಲವೋ, ಉತ್ತರ ನಮಗೆ ಲಿಖಿತವಾಗಿ ಬರಲಿ.