‘114 ವರ್ಷ ಕೆಡದ’ ಇನ್ವರ್ಟರ್: ಸಾಫ್ಟ್‌ವೇರ್ ಲೆಕ್ಕ ನಿಜವಾಗಿ ಹೇಳುವುದೇನು?

‘ಈ ಸೋಲಾರ್ ಇನ್ವರ್ಟರ್‌ನ ಎಂಟಿಬಿಎಫ್ 10 ಲಕ್ಷ ಗಂಟೆ. ಅಂದರೆ 114 ವರ್ಷ ಕೆಡುವುದಿಲ್ಲ!’ ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಜೋಯಿಡಾ ತಾಲ್ಲೂಕಿನ ಅಣಶಿಯಂಥ ಕಾಡಿನ ಊರಿನಲ್ಲಿ ಇದನ್ನು ನಂಬಿ ಹಣ ಹಾಕಿದರೆ ನಷ್ಟ ದೊಡ್ಡದು. ಜಡಿಮಳೆಯಲ್ಲಿ ಯಂತ್ರ ಕೆಟ್ಟರೆ ಮನೆಯೇ ಕತ್ತಲು. ಹಾಗಾದರೆ ಈ ಸಂಖ್ಯೆ ಸುಳ್ಳೇ? ನೋಡೋಣ.

ಸಂಖ್ಯೆ ಬರುವುದು ಎಲ್ಲಿಂದ?

ಎಂಟಿಬಿಎಫ್ ಎಂದರೆ ಎರಡು ವೈಫಲ್ಯಗಳ ನಡುವಿನ ಸರಾಸರಿ ಸಮಯ. ಸರ್ಕ್ಯೂಟ್‌ನಲ್ಲಿರುವ ಪ್ರತಿ ಬಿಡಿಭಾಗ ಎಷ್ಟು ಬಾರಿ ಕೆಡಬಹುದು ಎಂಬ ದರವನ್ನು ಸಾಫ್ಟ್‌ವೇರ್ ಕೈಪಿಡಿಯಿಂದ ತೆಗೆದುಕೊಳ್ಳುತ್ತದೆ. ಅದನ್ನು ಉಷ್ಣತೆ, ವೋಲ್ಟೇಜ್ ಒತ್ತಡ, ಬಳಕೆಯ ಪರಿಸರಕ್ಕೆ ತಕ್ಕಂತೆ ಹೊಂದಿಸಿ, ಎಲ್ಲವನ್ನೂ ಕೂಡಿಸುತ್ತದೆ. ಇಂಥ ಕೈಪಿಡಿಗಳಲ್ಲಿ ಹೆಸರಾದದ್ದು 1960ರ ದಶಕದ ಅಮೆರಿಕ ಸೇನೆಯ ‘ಮಿಲ್ ಹ್ಯಾಂಡ್‌ಬುಕ್ 217’. ಅದು ಕೊನೆಯದಾಗಿ ಪರಿಷ್ಕರಣೆಯಾದದ್ದು 1995ರಲ್ಲಿ.

114 ವರ್ಷ ಎಂದರೆ?

ಒಂದೇ ಇನ್ವರ್ಟರ್ 114 ವರ್ಷ ಬಾಳುತ್ತದೆ ಎಂದಲ್ಲ. ಇಂಥ 1000 ಇನ್ವರ್ಟರ್‌ಗಳು ಒಂದು ವರ್ಷ ನಿರಂತರ ನಡೆದರೆ ಸುಮಾರು 9 ಕೆಡಬಹುದು ಎಂದಷ್ಟೇ. ಹೀಗೆ ಯೋಚಿಸಿ: 30 ವಯಸ್ಸಿನ 1000 ಜನರಲ್ಲಿ ವರ್ಷಕ್ಕೆ ಒಬ್ಬರು ತೀರಿಕೊಂಡರೆ, ಇದೇ ಲೆಕ್ಕದಲ್ಲಿ ಬರುವ ಉತ್ತರ 1000 ವರ್ಷ. ಯಾರಾದರೂ ಅಷ್ಟು ಬದುಕುತ್ತಾರೆಯೇ? ವಯಸ್ಸಾದಂತೆ ಅಪಾಯ ಹೆಚ್ಚುತ್ತದೆ. ಯಂತ್ರವೂ ಹಾಗೆಯೇ ಸವೆಯುತ್ತದೆ, ಆದರೆ ಈ ಲೆಕ್ಕ ಸವೆತವನ್ನು ಬಿಟ್ಟುಬಿಡುತ್ತದೆ.

ಅಣಶಿಯ ಮಳೆಗೆ ಲೆಕ್ಕ ಉಂಟೇ?

ತೇವ, ಸಿಡಿಲಿನಿಂದ ನುಗ್ಗುವ ವೋಲ್ಟೇಜ್, ಪೆಟ್ಟಿಗೆಯೊಳಗೆ ಗೂಡು ಕಟ್ಟುವ ಇರುವೆ, ಸಡಿಲ ಬೆಸುಗೆ: ಯಂತ್ರಗಳನ್ನು ಕೆಡಿಸುವ ಇಂಥ ಕಾರಣಗಳನ್ನು ಆ ಮೊತ್ತ ಸರಿಯಾಗಿ ಹಿಡಿಯುವುದಿಲ್ಲ. ಬಿಸಿಯೂ ಮುಖ್ಯ. ಇನ್ವರ್ಟರ್‌ನಲ್ಲಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಆಯಸ್ಸು 10 ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ.

ಹೋಲಿಕೆಗೆ, ಇದೇ ಜಿಲ್ಲೆಯ ಕೈಗಾ ಅಣುಸ್ಥಾವರದ ಮೊದಲ ಘಟಕ 2018ರ ಡಿಸೆಂಬರ್ ಕೊನೆಗೆ 962 ದಿನ ನಿರಂತರ ಓಡಿದ ದಾಖಲೆ ಮಾಡಿತು. ಅದು ಓಡಿ ತೋರಿಸಿದ ಸಂಖ್ಯೆ. ಎಂಟಿಬಿಎಫ್ ಹೆಚ್ಚಾಗಿ ಊಹಿಸಿದ ಸಂಖ್ಯೆ.

ಹಾಗಾದರೆ ಸಾಫ್ಟ್‌ವೇರ್ ವ್ಯರ್ಥವೇ?

ಅಲ್ಲ. ಎರಡು ವಿನ್ಯಾಸಗಳಲ್ಲಿ ಯಾವುದು ಮೇಲು, ಯಾವ ಭಾಗ ಹೆಚ್ಚು ಕೆಡಬಹುದು, ಎಷ್ಟು ಬಿಡಿಭಾಗ ದಾಸ್ತಾನು ಬೇಕು ಎಂದು ತಯಾರಕರಿಗೆ ಮೊದಲೇ ಹೇಳುತ್ತದೆ. ಅದು ವಿನ್ಯಾಸಕಾರರ ಸಾಧನ, ಗ್ರಾಹಕರಿಗೆ ಕೊಟ್ಟ ಭರವಸೆಯಲ್ಲ.

ಕೊಳ್ಳುವ ಮುನ್ನ ಕೇಳಿ

- ವಾರಂಟಿ ಎಷ್ಟು ವರ್ಷ? ಸಿಡಿಲು, ನೀರಿನ ಹಾನಿ ಅದರಲ್ಲಿ ಸೇರಿದೆಯೇ?
- ಆ ಗಂಟೆಗಳ ಲೆಕ್ಕ ಎಷ್ಟು ಡಿಗ್ರಿ ಉಷ್ಣತೆಗೆ?
- ಸರ್ಜ್ ರಕ್ಷಣೆ ಇದೆಯೇ?
- ಹತ್ತಿರದ ರಿಪೇರಿ ಕೇಂದ್ರ ಎಲ್ಲಿ?

ನಮ್ಮ ತೀರ್ಮಾನ: ಸಂಖ್ಯೆ ಸುಳ್ಳಲ್ಲ, ಅದರ ಅರ್ಥ ತಪ್ಪು. 114 ವರ್ಷದ ಮಾತಿಗಿಂತ 5 ವರ್ಷದ ಲಿಖಿತ ವಾರಂಟಿ ದೊಡ್ಡದು. ಮುಂದಿನ ಬಾರಿ ಆ ಫಾರ್ವರ್ಡ್ ಬಂದರೆ, ಕಳಿಸಿದವರಿಗೆ ಇಷ್ಟನ್ನು ಹೇಳಿ.